ಎರಡು ಹಲ್ಲಿನ ಆಸೆ

ಇಂಗ್ಲೆಂಡಿನ ಹಳೇ ಕಾರುಗಳ ಹುಚ್ಚರಲ್ಲಿ ಒಂದು ಪಂಗಡವಿದೆ. ಅವರಿಗೆ ಮಾರಿಸ್ ಮೈನರ್ ಎಂದರೆ ಪ್ರಾಣ, ಅದರ ಹಿಂದಿನ ಆಕ್ಸಲ್ ಮೇಲೆ ಮಾತ್ರ ಮುನಿಸು. ಹಾಗಾಗಿ ರೈಲಿ ಒನ್ ಪಾಯಿಂಟ್ ಫೈವ್ ಎಂಬ ಇನ್ನೊಂದು ಮುದಿ ಕಾರಿನ ಆಕ್ಸಲ್ ಬಿಚ್ಚಿ ತಂದು ಇದಕ್ಕೆ ಕೂಡಿಸುತ್ತಾರೆ. 1957ರಲ್ಲಿ ಬಂದ ರೈಲಿಯನ್ನು ಕಟ್ಟಿದ್ದೇ ಮೈನರಿನ ತಳದ ಮೇಲೆ. ಸಗೋತ್ರವೇ ಅನುಕೂಲವಾದ ಮದುವೆ ಇದೊಂದೇ ಇರಬೇಕು! ರೈಲಿಯ 1489 ಸಿಸಿ ಎಂಜಿನ್ನಿನ ವಂಶವೇ ಎಷ್ಟೋ ವರ್ಷ ನಮ್ಮ ಅಂಬಾಸಿಡರನ್ನೂ ಎಳೆದದ್ದು. ಆ ಲೆಕ್ಕದಲ್ಲಿ ನಾವೂ ದೂರದ ಬೀಗರು.

ಇಷ್ಟೆಲ್ಲ ಒದ್ದಾಟ ಯಾತಕ್ಕೆ? ಎರಡು ಹಲ್ಲಿಗೆ. ಆಕ್ಸಲಿನ ಹೊಟ್ಟೆಯೊಳಗೆ ದೊಡ್ಡದೊಂದು ಕ್ರೌನು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ನು. ಕ್ರೌನಿಗೆ ಎರಡರಲ್ಲೂ 41 ಹಲ್ಲು. ಪಿನಿಯನ್ನಿಗೆ 948 ಸಿಸಿ ಮೈನರಿನಲ್ಲಿ 9, ರೈಲಿಯಲ್ಲಿ 11. ಮೈನರಿನ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ನಾಲ್ಕೂವರೆ ಸುತ್ತು ತಿರುಗಬೇಕು. ರೈಲಿಯದಕ್ಕೆ ಮೂರೂಮುಕ್ಕಾಲು ಸಾಕು. ವೇಗ ಅಷ್ಟೇ ಇದ್ದರೂ ಎಂಜಿನ್ನಿನ ಅರಚಾಟ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಇಳಿಯುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದು. ಏರು ಬಂದಾಗ ಮಾತು ನಿಲ್ಲುತ್ತದೆ ಅನ್ನಿ. ಬರೀ 37 ಅಶ್ವಶಕ್ತಿಗೆ ಆ ಎರಡು ಹಲ್ಲೂ ಭಾರ. ಅದಕ್ಕೇ ಜಾಣರು ಮೊದಲು ದೊಡ್ಡ ಎಂಜಿನ್ ಕೂರಿಸಿಕೊಳ್ಳುತ್ತಾರೆ. ಆಮೇಲೆ ರೈಲಿ ಹುಡುಕಿ ಹೊರಟರೆ, ಅದು 1965ಕ್ಕೇ ನಿಂತುಹೋದ ಕಾರು. ಕಡಲೆ ಇದ್ದಾಗ ಹಲ್ಲಿಲ್ಲ.

ಗುಜರಿಯಲ್ಲಿ ಸಿಕ್ಕ ಆಕ್ಸಲ್ ಯಾವುದೆಂದು ಪರೀಕ್ಷಿಸುವ ಬಗೆ ನನಗೆ ಬಲು ಇಷ್ಟ. ಅದರ ಮೂತಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಎರಡೂ ಬದಿಯ ಡ್ರಮ್ಮುಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಗೆರೆ ಎಷ್ಟು ಸಲ ಬಂತೆಂದು ಎಣಿಸಬೇಕು. ಒಂದೇ ಬದಿ ತಿರುಗಿಸಿದರೆ ಡಿಫರೆನ್ಷಿಯಲ್ಲು ಅರ್ಧ ಲೆಕ್ಕ ನುಂಗಿಬಿಡುತ್ತದೆ. ಹಳೇ ಗೇರ್ ಆಯಿಲಿನ ಗಂಧಕದ ನಾತವಂತೂ ಸೋಪಿಗೂ ಜಗ್ಗದೆ ಊಟದ ತಟ್ಟೆಯವರೆಗೆ ಬರುತ್ತದೆ.

ಇನ್ನು ಮಡಿವಂತರು. ಒಂದು ಬೋಲ್ಟು ಬದಲಾದರೂ ಮೈಲಿಗೆಯಾಯಿತೆಂದು ಮುಖ ಸಿಂಡರಿಸುವವರು. ಅವರು 1948ರ ಮೈನರಿನ ಬಂಪರನ್ನೊಮ್ಮೆ ದಿಟ್ಟಿಸಬೇಕು. ಕಾರು ತೀರಾ ಕಿರಿದಾಯಿತೆನಿಸಿ ವಿನ್ಯಾಸಕ ಅಲೆಕ್ ಇಸಿಗೋನಿಸ್ ಮಾದರಿಯನ್ನು ಉದ್ದಕ್ಕೆ ಸೀಳಿಸಿ, ನಾಲ್ಕು ಇಂಚು ಅಗಲ ಮಾಡಿಸಿದ. ಅಷ್ಟರಲ್ಲಿ ಬಂಪರುಗಳು ತಯಾರಾಗಿ ಕೂತಿದ್ದವು. ಬಿಸಾಡಲು ಮನಸ್ಸು ಬರಬೇಕಲ್ಲ! ಅವನ್ನೂ ನಡುವೆ ಕತ್ತರಿಸಿ ತೇಪೆ ಹಾಕಿದರು. ಕಾರ್ಖಾನೆಯೇ ಹಚ್ಚಿದ ತೇಪೆಗೆ ಈಗ ಭಾರೀ ಮರ್ಯಾದೆ. ಮನೆಯ ಶೆಡ್ಡಿನಲ್ಲಿ ಹಾಕಿದ್ದು ಮಾತ್ರ ಅಪಚಾರ.

ನನಗೆ ಕಾಡುವುದು ಸ್ಪೀಡೋಮೀಟರು. ಅದರ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದ, ಹಾಗಾಗಿ ಹಿಂದೆ ಆಕ್ಸಲ್ ಬದಲಾದ ಸುದ್ದಿಯೇ ಅದಕ್ಕೆ ಮುಟ್ಟುವುದಿಲ್ಲ. ಮುಳ್ಳು ಸಾಧುವಾಗಿ 50 ಮೈಲಿ ತೋರಿಸುವಾಗ ಕಾರು 61ರಲ್ಲಿರುತ್ತದೆ. ಶಿಸ್ತಿನವರು ಮೀಟರು ಬಿಚ್ಚಿ ಕಳಿಸಿ ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಉಳಿದವರು ಪಕ್ಕದಲ್ಲೊಂದು ಚೀಟಿ ಅಂಟಿಸಿಕೊಂಡು, ಮನಸ್ಸಿನಲ್ಲೇ ಗುಣಿಸುತ್ತ, ಕ್ಯಾಮೆರಾ ಕಂಡಲ್ಲಿ ಇನ್ನೊಮ್ಮೆ ಗುಣಿಸುತ್ತ ಓಡಿಸುತ್ತಾರೆ.