ಪ್ರೋಟೀನ್ ಗೌಡ್ರು

ಅಮೆರಿಕದಲ್ಲಿ ಕನ್ನಡ ಕೂಟ ಇರುವ ಊರಿನಲ್ಲೆಲ್ಲ ಒಬ್ಬ ಪ್ರೋಟೀನ್ ಗೌಡ್ರು ಇದ್ದೇ ಇರುತ್ತಾರೆ. ಯುಗಾದಿ ಊಟದಲ್ಲಿ ಒಬ್ಬಟ್ಟು ಬಂದರೆ "ಕಾರ್ಬ್ಸ್" ಎಂದು ಎಲೆಗೆ ಕೈ ಅಡ್ಡ ಹಿಡಿಯುವವರು ಅವರೇ. ಹುಟ್ಟಿದ್ದು ಮಂಡ್ಯದ ಕಡೆ, ಸದ್ಯ ನ್ಯೂಜೆರ್ಸಿಯ ಎಡಿಸನ್. ಗುರಿ, ಹತ್ತು ಕಿಲೋ ಇಳಿಸುವುದು. ಹೋದ ಯುಗಾದಿಯಲ್ಲೂ ಗುರಿ ಹತ್ತು ಕಿಲೋನೇ ಇತ್ತು.

ಶನಿವಾರ ಅಂಗಡಿಯಲ್ಲಿ ಮಾಂಸ ಹೋಳು ಮಾಡಿಕೊಡುವ ಡೆಲಿ ಕೌಂಟರಿನ ಮುಂದೆ ಗೌಡ್ರ ಗತ್ತು ನೋಡಬೇಕು. ಟರ್ಕಿ ಬ್ರೆಸ್ಟ್, ಒಂದು ಪೌಂಡು, ತೆಳ್ಳಗೆ. ಹುಡುಗ ಮೊದಲ ಹೋಳು ಎತ್ತಿ ತೋರಿಸಿದರೆ, ಇನ್ನೂ ತೆಳ್ಳಗೆ! ಅವರ ಲೆಕ್ಕವೇನೂ ತಪ್ಪಲ್ಲ. ಎರಡು ಔನ್ಸಿಗೆ, ಅಂದರೆ 56 ಗ್ರಾಮಿಗೆ, ಸುಮಾರು 60 ಕ್ಯಾಲೊರಿ, ಹತ್ತು ಗ್ರಾಮಿನಷ್ಟು ಪ್ರೋಟೀನ್. ಹೊಟ್ಟೆ ತುಂಬುತ್ತದೆ, ತೂಕ ಇಳಿಯುವಾಗ ಸ್ನಾಯು ಉಳಿಯಲೂ ನೆರವಾಗುತ್ತದೆ.

ಆದರೆ ಲೇಬಲ್ಲಿನಲ್ಲಿ ಗೌಡ್ರು ಓದುವುದು ಅದೊಂದೇ ಸಾಲು.

ಅದೇ ಎರಡು ಔನ್ಸಿನಲ್ಲಿ ಸೋಡಿಯಂ ಎಷ್ಟೋ ಬ್ರ್ಯಾಂಡುಗಳಲ್ಲಿ 400ರಿಂದ 500 ಮಿಲಿಗ್ರಾಂ. ಗೌಡ್ರು ಕೂತರೆ ಆರು ಔನ್ಸು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿರುವ ಮಿತಿಯೇ 2,000 ಮಿಲಿಗ್ರಾಂ. ಉಪ್ಪು ಮೈಯಲ್ಲಿ ನೀರು ಹಿಡಿದಿಡುವುದರಿಂದ ಮರುದಿನ ತೂಕದ ಮಷೀನು ಮೇಲಕ್ಕೇ ಏರಿರುತ್ತದೆ. ಗೌಡ್ರು ಅದರ ಬ್ಯಾಟರಿ ಬದಲಾಯಿಸುತ್ತಾರೆ.

ನಾಲಿಗೆ ಬೇಜಾರಾದ ದಿನ ಸಲಾಮಿ. 28 ಗ್ರಾಮಿಗೆ ಆರು ಗ್ರಾಂ ಪ್ರೋಟೀನ್, ಜೊತೆಗೆ ಒಂಬತ್ತು ಗ್ರಾಂ ಕೊಬ್ಬು. ಮೊಬೈಲಿನ ಆ್ಯಪಿನಲ್ಲಿ ಆರು ಮಾತ್ರ ದಾಖಲಾಗುತ್ತದೆ. ಮಾಂಸ ಕೆಡದಂತೆ ಹಾಕುವ ನೈಟ್ರೈಟಿನ ಮಾತೆತ್ತಿದರೆ 'ಅನ್‌ಕ್ಯೂರ್ಡ್' ಎಂದಿರುವ ದುಬಾರಿ ಪ್ಯಾಕೆಟ್ಟು ಮುಂದೆ ಹಿಡಿಯುತ್ತಾರೆ. ಅದರಲ್ಲಿ ಸೆಲರಿ ಪುಡಿ ಇದೆ, ಅದರಿಂದ ಬರುವುದೂ ನೈಟ್ರೈಟೇ ಎಂದು ಯಾರು ಹೇಳಬೇಕು? ಇಂಥ ಸಂಸ್ಕರಿಸಿದ ಮಾಂಸವನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತಂಬಾಕಿನ ಗುಂಪಿಗೇ ಸೇರಿಸಿತು. ಅಪಾಯ ಸಿಗರೇಟಿನಷ್ಟೇ ಎಂದು ಅರ್ಥವಲ್ಲ, ಪುರಾವೆ ಅಷ್ಟು ಗಟ್ಟಿ ಎಂದರ್ಥ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಇದ್ದುದಕ್ಕಿಂತ ಸುಮಾರು ಶೇ. 18 ಹೆಚ್ಚು. ಅವಸರದ ದಿನ ಎರಡು ಹೋಳು ತಿಂದರೆ ಯಾರೂ ಬೇಡವೆನ್ನರು, ಗೌಡ್ರಿಗೆ ಅದೇ ನಿತ್ಯದ ಮುದ್ದೆಯಾಗಿದೆ. ಮನೆಯಲ್ಲಿ ಬೇಯಿಸಿದ ಕೋಳಿ ಎದೆಮಾಂಸ 100 ಗ್ರಾಮಿಗೆ 30 ಗ್ರಾಮಿನ ಮೇಲೆ ಪ್ರೋಟೀನ್ ಕೊಡುತ್ತದೆ, ಉಪ್ಪು ನಾವು ಹಾಕಿದಷ್ಟೇ. ನಾಟಿಕೋಳಿ ಸಾರಿನ ಸೀಮೆಯವರಿಗೆ ಇದನ್ನು ಹೇಳಬೇಕಾಗಿ ಬಂದಿದೆ!

ಈಗ ಊರಿಂದ ಅವ್ವ ಬಂದಿದ್ದಾರೆ. ಬಿಪಿ ಇರುವುದರಿಂದ ಅವರು ತಂದ ಮಾವಿನ ಉಪ್ಪಿನಕಾಯಿ ಜಾಡಿಯನ್ನು ಗೌಡ್ರು ಮೊದಲ ದಿನವೇ ಅಟ್ಟಕ್ಕೇರಿಸಿದರು. ಬದಲಿಗೆ ತಟ್ಟೆಗೆ ಬಿದ್ದದ್ದು ಫ್ರಿಜ್ಜಿನ ಟರ್ಕಿ.

"ತಣ್ಣಗೆ ಹಂಗೇ ತಿಂತೀಯೇನ್ಲಾ?" ಎಂದವರೇ ಅವ್ವ ಅದನ್ನೆಲ್ಲ ಬಾಣಲೆಗೆ ಸುರಿದು, ಈರುಳ್ಳಿ, ಮೆಣಸು ಹಾಕಿ ಹಬೆಯಾಡುವವರೆಗೆ ಹುರಿದರು. ಅರವತ್ತೈದು ದಾಟಿದವರು ಡೆಲಿ ಮಾಂಸವನ್ನು ಹೀಗೆ ಬಿಸಿ ಮಾಡಿಯೇ ತಿನ್ನಬೇಕೆಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತಲೇ ಇದೆ. 2024ರಲ್ಲಿ ವರ್ಜೀನಿಯಾದ ಒಂದು ಕಾರ್ಖಾನೆಯ ಡೆಲಿ ಮಾಂಸದಿಂದ ಹಬ್ಬಿದ ಲಿಸ್ಟೀರಿಯಾ ಬ್ಯಾಕ್ಟೀರಿಯಾಕ್ಕೆ 10 ಜನ ಸತ್ತರು. ಅವ್ವನಿಗೆ ಸಿಡಿಸಿಯೂ ಗೊತ್ತಿಲ್ಲ, ಲಿಸ್ಟೀರಿಯಾವೂ ಗೊತ್ತಿಲ್ಲ.

ಒಂದು ಚೂರು ಬಾಯಿಗಿಟ್ಟು ಮುಖ ಕಿವುಚಿದರು.

"ಉಪ್ಪು ಮುಂದಾಗದೆ ಕಣ್ಲಾ ಮಗ. ನಾನು ಹಾಕೇ ಇಲ್ವಲ್ಲ!"

ಗೌಡ್ರು ಆಗ ಆ್ಯಪಿನಲ್ಲಿ ಈರುಳ್ಳಿಯ ಕಾರ್ಬ್ಸ್ ಹುಡುಕುತ್ತಿದ್ದರು.