ಒಂದು ವಾಷರ್ ಅಷ್ಟೇ

ನಮ್ಮ ಮಾವನವರ ಬಾಯಿಂದ "ಒಂದು ವಾಷರ್ ಅಷ್ಟೇ" ಎಂಬ ಮಾತು ಬಿತ್ತೆಂದರೆ, ಅತ್ತೆಯವರು ಸದ್ದಿಲ್ಲದೆ ಎದ್ದು ಎರಡು ಬಕೆಟ್ ನೀರು ಹಿಡಿದಿಟ್ಟು, ಫೋನನ್ನು ಚಾರ್ಜಿಗೆ ಹಾಕುತ್ತಾರೆ. ಮೂವತ್ತು ವರ್ಷ ಸಂಸಾರ ಮಾಡಿದ ಅನುಭವ.

ಇಂಥವರು ಬೀದಿಗೊಬ್ಬರಾದರೂ ಇರುತ್ತಾರೆ. ನಿವೃತ್ತರು. ಪ್ಲಂಬರ್ ಹೊಸ್ತಿಲು ದಾಟಿದರೆ ಮನೆತನದ ಮರ್ಯಾದೆ ಹೋಯಿತೆಂದೇ ನಂಬಿದವರು. ಅಟ್ಟದ ಮೇಲೊಂದು ಡಾಲ್ಡಾ ಡಬ್ಬ. ಅದರಲ್ಲಿ ತುಕ್ಕು ಹಿಡಿದ ನಟ್ಟು, ಅರ್ಧ ಸುತ್ತು ಟೆಫ್ಲಾನ್ ಟೇಪು, ಕಲ್ಲಾಗಿ ಹೋದ ಎಂಸೀಲು, ಯಾವುದಕ್ಕೂ ಕೂಡದ ಹದಿನೇಳು ವಾಷರು.

ಹೋದ ದೀಪಾವಳಿಗೆ ನಾನು ಬೆಂಗಳೂರಿನ ಮಾವನ ಮನೆ ಮುಟ್ಟಿದ್ದು ನೀರು ತುಂಬುವ ಹಬ್ಬದ ಸಂಜೆ. ಗೀಸರ್ ಇದ್ದರೂ ಶಾಸ್ತ್ರಕ್ಕೆಂದು ತಾಮ್ರದ ಹಂಡೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದರು. ಪಕ್ಕದಲ್ಲಿ ಕಮೋಡು ಸುಂಯ್ ಎನ್ನುತ್ತಿತ್ತು.

"ಕೇಳಿದಿರಾ ಅಳಿಯಂದಿರೇ? ಫ್ಲಶ್ ಟ್ಯಾಂಕು ಸೋರ್ತಿದೆ. ಕಾವೇರಿ ಎಲ್ಲಿಂದ ಬರ್ತಾಳೆ ಗೊತ್ತಾ? ತೊರೆಕಾಡನಹಳ್ಳಿಯಿಂದ! ಹಾರೋಹಳ್ಳಿಯಲ್ಲೊಂದು ಪಂಪು, ತಾತಗುಣಿಯಲ್ಲೊಂದು ಪಂಪು. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಹತ್ತಿ ಬಂದೋಳು ನಮ್ಮ ಕಮೋಡಿನಲ್ಲಿ ಹರಿದುಹೋಗ್ತಿದ್ದಾಳೆ. ಒಂದು ವಾಷರ್ ಅಷ್ಟೇ. ಸ್ವಲ್ಪ ಟಾರ್ಚ್ ಹಿಡೀತೀರಾ?"

ಟಾರ್ಚ್ ಹಿಡಿಯುವುದು ಸುಲಭದ ಕೆಲಸವೆಂದುಕೊಂಡವರು ಇಂಥವರ ಕೈಕೆಳಗೆ ಹಿಡಿದವರಲ್ಲ. ಬೆಳಕು ಯಾವಾಗಲೂ ಒಂದಿಂಚು ಆಚೆಯೇ ಇರುತ್ತದೆ.

ಮೊದಲು ರೋಗಪರೀಕ್ಷೆ. ನೀರು ಟ್ಯಾಂಕಿನೊಳಗಿನ ಓವರ್‌ಫ್ಲೋ ಕೊಳವೆಯ ಬಾಯಿ ದಾಟಿ ಇಳಿಯುತ್ತಿದ್ದರೆ ತಪ್ಪು ಮೇಲಿನ ಫ್ಲೋಟಿನದು. ಮಟ್ಟ ಕೆಳಗಿದ್ದೂ ಸೋರುತ್ತಿದ್ದರೆ ತಳದ ರಬ್ಬರಿನದು. ಇಷ್ಟು ಅವರು ಸರಿಯಾಗಿಯೇ ಹೇಳಿದರು. ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ಸುರಿದು, "ಅರ್ಧ ಗಂಟೆ ಯಾರೂ ಬಚ್ಚಲಿಗೆ ಹೋಗಕೂಡದು" ಎಂದು ಸಾರಿದರು. ಹತ್ತನೇ ನಿಮಿಷಕ್ಕೆ ಮೊಮ್ಮಗ ಹೋಗಿ ಬಂದ. ಕಮೋಡು ನೀಲಕಂಠನಾಯಿತು. ಪರೀಕ್ಷೆ ಮತ್ತೆ ಮೊದಲಿಂದ.

ರಬ್ಬರೇ ಅಪರಾಧಿ ಎಂದು ಸಾಬೀತಾಯಿತು. ಬೋರ್‌ವೆಲ್ ನೀರೂ ಬೆರೆಯುವ ಮನೆ. ಅಂಚಿಗೆಲ್ಲ ಬಿಳಿ ಸುಣ್ಣ ಕಟ್ಟಿಕೊಂಡಿತ್ತು. ಬಿಚ್ಚಬೇಕಾದರೆ ಗೋಡೆಯ ಆಂಗಲ್ ಕಾಕ್ ಮುಚ್ಚಬೇಕು. ಮನೆ ಕಟ್ಟಿದ ದಿನದಿಂದ ಯಾರೂ ಮುಟ್ಟದ ಅದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಆಗ ಮಾವನವರು ಟ್ಯಾಂಕಿನ ಮೇಲೆ ಲಟ್ಟಣಿಗೆ ಅಡ್ಡ ಇಟ್ಟು, ಫ್ಲೋಟನ್ನು ದಾರದಿಂದ ಎತ್ತಿ ಕಟ್ಟಿದರು. ನೀರು ನಿಂತಿತು. ಈ ಒಂದು ಉಪಾಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಅಡುಗೆಮನೆಯಲ್ಲಿ ಹೋಳಿಗೆ ಮಾತ್ರ ನಿಂತಿತು.

ಇನ್ನು ಹೊಸ ರಬ್ಬರು. ಹಳೆಯದನ್ನೇ ಅಂಗಡಿಗೆ ಒಯ್ಯಬಹುದಿತ್ತು. ಒಯ್ಯಲಿಲ್ಲ; "ಕಮೋಡಿನೊಳಗಿಂದ ತೆಗೆದದ್ದನ್ನ ಬೀದೀಲಿ ಹಿಡಕೊಂಡು ಹೋಗೋದೇ?" ಹೆಬ್ಬೆರಳು ತೋರುಬೆರಳನ್ನು ರಬ್ಬರಿನ ಅಗಲಕ್ಕೆ ಬಾಗಿಸಿ, ಆ ಅಳತೆಯನ್ನು ಗಾಳಿಯಲ್ಲಿ ಹಿಡಿದೇ ಹಾರ್ಡ್‌ವೇರ್ ಅಂಗಡಿಗೆ ಹೊರಟರು. ಎದುರಿಗೆ ಸಿಕ್ಕ ಪರಿಚಯದವರೊಬ್ಬರು ಕೈಮುಗಿದರೆ ಇವರು ಎಡಗೈಯನ್ನಷ್ಟೇ ಎದೆಗಿಟ್ಟರು. ಮುಂದೆ ಯಾರೋ ಮೊಮ್ಮಗ ಎಷ್ಟು ಎತ್ತರ ಬೆಳೆದಿದ್ದಾನೆಂದು ಕೇಳಿದರು. ಬಲಗೈ ತಾನಾಗಿ ಸೊಂಟದ ಮಟ್ಟಕ್ಕೆ ಹೋಗಿ ಅಗಲವಾಗಿ ಚಾಚಿಕೊಂಡಿತು. ಅಳತೆ ಅಲ್ಲೇ ಸತ್ತಿತು. ಅಂಗಡಿಯಲ್ಲಿ ನೆನಪಿನಿಂದ ಬೆರಳು ಬಾಗಿಸಿ, ಅಂದಾಜಿಗೊಂದು ರಬ್ಬರು ಕೊಂಡರು. ಡಬ್ಬದಲ್ಲೀಗ ಹದಿನೆಂಟು.

ಎರಡನೆಯ ಸಲ ಹೊರಡುವ ಮುನ್ನ "ಈ ಕಾಕನ್ನೂ ಒಂದು ಕೈ ನೋಡೇಬಿಡೋಣ" ಎಂದು ಪೈಪ್ ರೆಂಚ್ ಹಾಕಿ ಮೈಭಾರ ಬಿಟ್ಟರು. ಕಾಕು ತಿರುಗಲಿಲ್ಲ, ಬುಡಸಮೇತ ಕೈಗೆ ಬಂತು. ಗೋಡೆಯಿಂದ ಚಿಮ್ಮಿದ ನೀರು ನೇರ ಹಂಡೆಯ ಸೇವಂತಿಗೆಗೆ ಅಭಿಷೇಕ. ನಾನು ತಾರಸಿಗೆ ಓಡಿದೆ. ಅಲ್ಲಿ ಎರಡು ಗೇಟ್ ವಾಲ್ವು. ಒಂದನ್ನು ತಿರುಗಿಸಿದೆ. "ನಿಂತ್ತಾ?" ಎಂದು ಕೂಗಿದೆ. "ಅಡುಗೆಮನೇದು ನಿಂತ್ತು!" ಎಂದಿತು ಕೆಳಗಿನಿಂದ ಹೆಂಡತಿಯ ದನಿ.

ಕೆಳಗಿಳಿದಾಗ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ನೀರು ತಳ್ಳುತ್ತಿದ್ದರು. "ನೀರು ತುಂಬೋ ಹಬ್ಬ ಅಂದ್ರೆ ಹಂಡೆಗೆ ತುಂಬ್ಬೇಕು ಕಣ್ರೀ, ಹಾಲಿಗಲ್ಲ."

ಅಷ್ಟರಲ್ಲಿ ಕರೆಗಂಟೆ. ಬಾಗಿಲಲ್ಲಿ ಚೀಲ ಹಿಡಿದ ಪ್ಲಂಬರ್! ಹಬ್ಬದ ಸಂಜೆ ಇಷ್ಟು ಬೇಗ ಹೇಗೆ ಬಂದ ಎಂದು ನಾನು ಬೆರಗಾದರೆ, ಅತ್ತೆಯವರು ತಣ್ಣಗೆ, "ವಾಷರ್ ಅಂದಾಗ್ಲೇ ಫೋನ್ ಮಾಡಿದ್ದೆ" ಎಂದರು.

ಅವನು ಟ್ಯಾಂಕು ನೋಡಿದ, ಲಟ್ಟಣಿಗೆ ನೋಡಿದ, ನೀಲಿ ನೋಡಿದ, ಗೋಡೆ ನೋಡಿದ. ಕೊನೆಗೆ ಅವನ ಕುಲದವರೆಲ್ಲ ಕೇಳುವ ಪ್ರಶ್ನೆ ಕೇಳಿದ: "ಯಾರ್ ಸಾರ್ ಇದನ್ನ ಬಿಚ್ಚಿದ್ದು?"

ಮಾವನವರು ರೆಂಚನ್ನು ಮೆಲ್ಲಗೆ ಪಂಚೆಯ ಹಿಂದಕ್ಕೆ ಸರಿಸಿದರು.

"ನಮ್ಮ ಅಳಿಯಂದಿರು. ಬೇಡ ಅಂದೆ, ಕೇಳಬೇಕಲ್ಲ. ಇಂಜಿನಿಯರ್ ನೋಡಿ."

ಪ್ಲಂಬರ್ ನನ್ನತ್ತ ತಿರುಗಿದ. ಟಾರ್ಚು ಇನ್ನೂ ನನ್ನ ಕೈಯಲ್ಲೇ ಉರಿಯುತ್ತಿತ್ತು.