ಅರಳಿಕಟ್ಟೆಯ ಸತ್ಯಶೋಧನಾ ಸಮಿತಿ

ನಮ್ಮೂರಿನ ಹೆಂಗಸರು ರಾಜಕೀಯ ಮಾತಾಡುವುದಿಲ್ಲವಲ್ಲ, ಯಾಕೆ? ಈ ಪ್ರಶ್ನೆ ಅರಳಿಕಟ್ಟೆಯಲ್ಲಿ ಎದ್ದದ್ದು ಯುಗಾದಿಯ ಮಾರನೆ ದಿನ, ವರ್ಷತೊಡಕಿನಂದು. ಇಸ್ಪೀಟಿನ ಕಟ್ಟು ತರಲು ಹೋದವನು ಇನ್ನೂ ಬಂದಿರಲಿಲ್ಲ. ಮನೆಗಳಲ್ಲಿ ಮಟನ್ ಸಾರು ಇನ್ನೂ ಒಲೆಯ ಮೇಲಿತ್ತು. ಕೈಯೂ ಖಾಲಿ, ಹೊಟ್ಟೆಯೂ ಖಾಲಿ. ಇಂಥ ಹೊತ್ತಿನಲ್ಲೇ ಅಲ್ಲವೇ ಗಂಡಸಿಗೆ ದೇಶದ ಚಿಂತೆ ಹತ್ತುವುದು?

ಕೂತ ಜಾಗದಲ್ಲೇ ಒಂದು ಸತ್ಯಶೋಧನಾ ಸಮಿತಿ ರಚನೆಯಾಯಿತು. ನಿವೃತ್ತ ಮೇಷ್ಟ್ರು ಅಧ್ಯಕ್ಷರು. ಎಲ್‌ಐಸಿ ಏಜೆಂಟರು, ಗೊಬ್ಬರದ ಅಂಗಡಿಯವರು, ಕೊಬ್ಬರಿ ದಲ್ಲಾಳಿಗಳು, ಗ್ರಾಮ ಪಂಚಾಯಿತಿ ಮಾಜಿ ಅಧ್ಯಕ್ಷೆಯ ಯಜಮಾನರು, 2020ರ ಪಂಚಾಯಿತಿ ಚುನಾವಣೆಯಲ್ಲಿ ಸೋತ ನಮ್ಮ ಗೆಳೆಯ, ಇಷ್ಟು ಜನ ಸದಸ್ಯರು. ಬರೆಯಲು ಬರುತ್ತದೆ ಎಂಬ ಆಪಾದನೆಯ ಮೇಲೆ ನಾನು ಕಾರ್ಯದರ್ಶಿ. ಒಟ್ಟು ಏಳು. ಸಮಿತಿಯಲ್ಲಿ ಒಬ್ಬ ಹೆಂಗಸಾದರೂ ಬೇಡವೇ ಎಂದು ಏಜೆಂಟರು ಕೇಳಿದ್ದು ನಿಜ. ‘ಡಾಕ್ಟರುಗಳ ತಂಡಕ್ಕೆ ಯಾರಾದ್ರೂ ರೋಗಿಯನ್ನ ಸೇರಿಸ್ಕೋತಾರೇನ್ರೀ?’ ಎಂದು ಮೇಷ್ಟ್ರು ಕೇಳಿದ ಮೇಲೆ ಆ ಸೂಚನೆ ಬಿದ್ದುಹೋಯಿತು.

ನಮ್ಮ ಕಟ್ಟೆಯ ಬಗ್ಗೆ ಎರಡು ಮಾತು. ತಿಪಟೂರು ಸೀಮೆಯಲ್ಲಿ ಇದಕ್ಕಿಂತ ಸಕ್ರಿಯವಾದ ಶಾಸನಸಭೆ ಇನ್ನೊಂದಿಲ್ಲ. ಬೆಳಗಿನ ಅಧಿವೇಶನ ಆರೂವರೆಯಿಂದ ಒಂಬತ್ತು, ಸಂಜೆಯದು ಐದೂವರೆಯಿಂದ ಎಂಟೂವರೆ. ಎದುರಿನ ಹೋಟೆಲಿನಿಂದ ಬೈಟು ಕಾಫಿ ಬರುತ್ತದೆ. ಏಳು ಜನಕ್ಕೆ ಬೈಟು ಹೇಗೆ ಹಂಚುವುದು ಎಂಬುದೇ ಒಂದು ಹಣಕಾಸು ಆಯೋಗದ ಕೆಲಸ. ಈ ಎರಡು ಅಧಿವೇಶನಗಳಿಗೂ ಹೆಂಗಸರಿಗೆ ಮುಕ್ತ ಪ್ರವೇಶವಿದೆ. ಯಾವ ಬೋರ್ಡಿನಲ್ಲೂ ನಾವು ‘ಮಹಿಳೆಯರು ಬರಕೂಡದು’ ಎಂದು ಬರೆಸಿಲ್ಲ. ಹಾಗಿದ್ದೂ ಒಬ್ಬರೂ ಬರುವುದಿಲ್ಲ. ಆ ಹೊತ್ತಿಗೇ ನಲ್ಲಿ ಬರುತ್ತದಂತೆ, ಆ ಹೊತ್ತಿಗೇ ಹಾಲು ಡೇರಿಗೆ ಹೋಗಬೇಕಂತೆ, ಆ ಹೊತ್ತಿಗೇ ಮಕ್ಕಳ ಸ್ಕೂಲ್ ಬಸ್ಸಂತೆ. ರಾಷ್ಟ್ರದ ಹಿತಕ್ಕಿಂತ ರೊಟ್ಟಿ ಹಂಚೇ ಮುಖ್ಯವೆನ್ನುವವರಿಗೆ ಏನು ಹೇಳುವುದು?

ಬರುವುದೇ ಇಲ್ಲ ಎಂದರೆ ಸುಳ್ಳಾದೀತು. ಸೋಮವಾರ ಅಮಾವಾಸ್ಯೆ ಬಂದರೆ ಅರಳಿಮರಕ್ಕೆ ಪ್ರದಕ್ಷಿಣೆ ಹಾಕಲು ಊರ ಹೆಂಗಸರೆಲ್ಲ ಬರುತ್ತಾರೆ. ನಾವು ಉದಾರವಾಗಿ ಕಾಲು ಮೇಲೆಳೆದುಕೊಂಡು ಚರ್ಚೆ ಮುಂದುವರಿಸುತ್ತೇವೆ. ನೂರೆಂಟು ಸುತ್ತು! ಕಬಿನಿ, ಹೇಮಾವತಿ, ಕೊಬ್ಬರಿ ಬೆಂಬಲ ಬೆಲೆ, ಮುಂದಿನ ಮುಖ್ಯಮಂತ್ರಿ, ಎಲ್ಲವೂ ಅವರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ನಡೆಯುತ್ತಿರುತ್ತದೆ. ನೂರೆಂಟು ಸಲ ನಮ್ಮ ಚರ್ಚೆಯ ಸುತ್ತ ತಿರುಗಿದವರು ಒಂದು ಸಲವೂ ಒಳಗೆ ಬಾಯಿ ಹಾಕಲಿಲ್ಲ. ಆಸಕ್ತಿಯ ಕೊರತೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಕಳೆದ ಸಲ ಒಬ್ಬ ಅಜ್ಜಿ ಮಾತ್ರ ತೊಂಬತ್ತನೆಯ ಸುತ್ತಿನಲ್ಲಿ ನಿಂತು, ‘ಹೇಮಾವತಿ ನೀರು ಬಂತು ಬಂತು ಅಂತ ಹೋದ ವರ್ಷದಿಂದ ಹೇಳ್ತಾ ಕೂತಿದೀರಲ್ಲಪ್ಪಾ, ನಮ್ಮ ಕೆರೆ ತೂಬಿನ ಬಾಗಿಲು ಮುರಿದಿದೆ, ಅದನ್ನ ಯಾರಾದ್ರೂ ನೋಡಿದೀರಾ?’ ಎಂದರು. ವಯಸ್ಸಾದವರು, ವಿಷಯಾಂತರ ಮಾಡುತ್ತಾರೆ. ನಾವು ತಪ್ಪು ತಿಳಿಯಲಿಲ್ಲ.

ಇನ್ನು ಭಾಷೆಯ ಸಮಸ್ಯೆ. ಕನ್ನಡ ಶ್ರೀಮಂತ ಭಾಷೆ. ಗಂಡಸು ಮೈಕು ಬಿಡದೆ ಮಾತಾಡಿದರೆ ವಾಗ್ಮಿ, ಹೆಂಗಸು ಮಾತಾಡಿದರೆ ಬಾಯಿಬಡಕಿ. ಅವನು ಸಿಟ್ಟಾದರೆ ‘ನೇರ ನಡೆ ನುಡಿ’, ಅವಳು ಸಿಟ್ಟಾದರೆ ಗಯ್ಯಾಳಿ. ಅವನು ಧೈರ್ಯವಂತ, ಅವಳು ಗಂಡುಬೀರಿ. ಅವನು ಪಕ್ಷ ಬಿಟ್ಟು ಪಕ್ಷಕ್ಕೆ ಹೋದರೆ ಚಾಣಕ್ಯ; ಅವಳು ತವರಿಗೆ ಹೋಗಿ ಎರಡು ದಿನ ಜಾಸ್ತಿ ಉಳಿದರೆ ಮನೆ ಮುರುಕಿ. ಇಷ್ಟೆಲ್ಲ ಪದಸಂಪತ್ತು ಇಟ್ಟುಕೊಂಡು ನಾವು ಕರೆದರೂ ಅವರು ಬರುವುದಿಲ್ಲ ಎಂದರೆ, ಭಾಷಾಭಿಮಾನವೇ ಇಲ್ಲವೆಂದಾಯಿತು. (‘ರಾಜಕಾರಣಿ’ ಎಂಬ ಪದವಂತೂ ಕಿವಿಗೆ ಹೆಣ್ಣು ಹೆಸರಿನ ಹಾಗೇ ಕೇಳಿಸುತ್ತದೆ. ಪದವನ್ನೇ ಬಿಟ್ಟುಕೊಟ್ಟಿದ್ದೇವೆ, ಇನ್ನೇನು ಕೊಡಬೇಕು?)

ಇದೇ ಜಾಗದಲ್ಲಿ ಒಂದು ಹುದ್ದೆಯ ಬಗ್ಗೆ ಹೇಳಬೇಕು. ರಾಷ್ಟ್ರಪತಿ, ಸಭಾಪತಿ ಎಂದೆಲ್ಲ ಸಂವಿಧಾನದಲ್ಲಿದೆ. ಸಂವಿಧಾನದಲ್ಲಿ ಇಲ್ಲದ, ಆದರೆ ಅವೆರಡಕ್ಕಿಂತ ಹೆಚ್ಚು ದುಡಿಯುವ ಹುದ್ದೆ ಅಧ್ಯಕ್ಷಾಪತಿ. ನಮ್ಮ ಸಮಿತಿಯ ಐದನೆಯ ಸದಸ್ಯರು ಈ ಹುದ್ದೆಯಲ್ಲಿದ್ದವರು. ಇದರ ಇತಿಹಾಸ ದೊಡ್ಡದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇ 25 ಜಾಗ ಇಟ್ಟಿತು. 1987ರಲ್ಲಿ ಚುನಾವಣೆಯೂ ಆಗಿಹೋಯಿತು. ದೇಶಕ್ಕೆ 73ನೇ ತಿದ್ದುಪಡಿ ಬಂದು ಮೂರನೆಯ ಒಂದು ಭಾಗ ಎಂದು ಹೇಳಿದ್ದು ಅದಾದ ಐದಾರು ವರ್ಷಕ್ಕೆ. ಅಷ್ಟಕ್ಕೇ ನಿಲ್ಲದೆ 2010ರಲ್ಲಿ ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿತು. (ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ನಜೀರ್ ಸಾಬರನ್ನು ‘ನೀರ್ ಸಾಬ್’ ಎಂದು ಕರೆದದ್ದು ಕೊಡ ಹೊತ್ತವರೇ ಇರಬೇಕು. ಕಟ್ಟೆಯ ಮೇಲೆ ಕೂತವರಿಗೆ ಆ ಹೆಸರು ಹೊಳೆಯುತ್ತಿರಲಿಲ್ಲ.)

ಅರ್ಧ ಜಾಗ ಹೋಯಿತಲ್ಲ ಎಂದು ಕಟ್ಟೆ ಆಗ ದುಃಖಿಸಿತ್ತು. ಆದರೆ ಗಂಡಸು ಸೋಲೊಪ್ಪುವ ಜಾತಿಯಲ್ಲ. ಕುರ್ಚಿ ಹೋದರೇನು, ಕುರ್ಚಿಯ ಪಕ್ಕದ ಕುರ್ಚಿ ಇದೆಯಲ್ಲ! ನಮ್ಮ ಅಧ್ಯಕ್ಷಾಪತಿಗಳು ಸಭೆಗೆ ಹೋಗುತ್ತಿದ್ದರು, ಪಿಡಿಒ ಜೊತೆ ಮಾತಾಡುತ್ತಿದ್ದರು, ನರೇಗಾ ಕಾಮಗಾರಿ ಹಂಚುತ್ತಿದ್ದರು, ಸ್ವಾತಂತ್ರ್ಯ ದಿನಾಚರಣೆಯಂದು ಹಾರ ಹಾಕಿಸಿಕೊಳ್ಳುತ್ತಿದ್ದರು. ಸಹಿಯೊಂದು ಮಾತ್ರ ಅವರ ಮನೆಯವರದು. ‘ಪಾಪ, ಅವಳಿಗೆ ಯಾಕೆ ತೊಂದರೆ’ ಎಂಬ ಕನಿಕರದಿಂದ ಅವರು ಐದು ವರ್ಷ ಸಂಬಳವಿಲ್ಲದೆ ದುಡಿದರು. ಈ ತ್ಯಾಗ ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ. ಒಂದು ಸಲ ಮಾತ್ರ ಅವರು ಜ್ವರ ಬಂದು ಮಲಗಿ, ಅಮ್ಮಾವ್ರೇ ಸಭೆಗೆ ಹೋಗಬೇಕಾಯಿತು. ಎರಡು ಗಂಟೆಯ ಸಭೆ ನಲವತ್ತು ನಿಮಿಷಕ್ಕೆ ಮುಗಿಯಿತಂತೆ. ವಾಟರ್‌ಮ್ಯಾನ್ ಯಾಕೆ ಮೂರು ದಿನಕ್ಕೊಮ್ಮೆ ಬರುತ್ತಾನೆ, ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬೀಗ ಯಾಕೆ, ಬೀದಿ ದೀಪ ಅಧ್ಯಕ್ಷರ ಬೀದಿಯಲ್ಲಿ ಮಾತ್ರ ಯಾಕೆ ಉರಿಯುತ್ತದೆ ಎಂದು ಕೇಳಿದರಂತೆ. ಕೊನೆಯದು ಅವರದೇ ಬೀದಿ! ರಾಜಕೀಯ ಪ್ರಜ್ಞೆ ಇದ್ದವರು ಹಾಗೆ ಕೇಳುತ್ತಾರೆಯೇ? ನಮ್ಮ ಸದಸ್ಯರು ಜ್ವರದಲ್ಲೇ ಎದ್ದು ಕೂತರು.

ಪಂಚಾಯಿತಿಗಿಂತ ಮೇಲಿನ ಸಭೆಗಳಲ್ಲಿ ಇಂಥ ಗಂಡಾಂತರವಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10. ಮರುವರ್ಷ ಲೋಕಸಭೆಗೆ ನಮ್ಮ 28ರಲ್ಲಿ 3. 1972ರಿಂದ 1978ರವರೆಗೆ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು ವಿಧಾನಸಭೆಯ ಸ್ಪೀಕರ್ ಆಗಿದ್ದರು. ಸ್ಪೀಕರ್ ಎಂದರೆ ಇನ್ನೂರಕ್ಕೂ ಹೆಚ್ಚು ಗಂಡಸರಿಗೆ ‘ಕೂತ್ಕೊಳ್ಳಿ’ ಎನ್ನುವ ಕೆಲಸ. ಆ ಅನುಭವ ಸಭೆಗೆ ಎಷ್ಟು ಹಿಡಿಸಿತೆಂದರೆ ಮತ್ತೆ ಆ ಕುರ್ಚಿಗೆ ಯಾವ ಹೆಂಗಸೂ ಬಂದಿಲ್ಲ.

ಪಕ್ಕದ ಹಾಸನ ಜಿಲ್ಲೆಯ ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಸೆಪ್ಟೆಂಬರಿನಲ್ಲಿ, ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಲೋಕಸಭೆಗೆ ಬಂತು. ಪಾಸಾದದ್ದು 2023ರ ಸೆಪ್ಟೆಂಬರಿನಲ್ಲಿ. ಇಪ್ಪತ್ತೇಳು ವರ್ಷ. ಆ ಮಸೂದೆ ಹೆಣ್ಣುಮಗುವಾಗಿದ್ದರೆ ಓದಿ, ಮದುವೆಯಾಗಿ, ಒಂದು ಮಗುವಿನ ತಾಯಿಯಾಗಿರುತ್ತಿತ್ತು. ಪಾಸಾಗುವಾಗಲೂ ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಪುನರ್ವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂಬ ಷರತ್ತು ಸೇರಿತು. ಅಕ್ಷತೆ ಕೊಟ್ಟು ಊಟಕ್ಕೆ ಕರೆದವರು, ಬಾಗಿಲಿಗೆ ಬಂದ ಮೇಲೆ ‘ಸ್ವಲ್ಪ ಇರಿ, ಈಗಷ್ಟೇ ಬತ್ತ ನಾಟಿ ಮಾಡಿದ್ದೇವೆ’ ಅಂದ ಹಾಗೆ. ಆದರೂ ಮಹಿಳಾ ದಿನದಂದು ನಾವು ಭಾಷಣ ತಪ್ಪಿಸುವುದಿಲ್ಲ. ಅಕ್ಕಮಹಾದೇವಿಯಿಂದ ಹೊರಟರೆ ನೇರ ಕಿತ್ತೂರು ಚೆನ್ನಮ್ಮನ ಹತ್ತಿರ ಇಳಿಯುತ್ತೇವೆ, ನಡುವೆ ಸ್ಟಾಪಿಲ್ಲ. ಆ ಆರುನೂರು ಚಿಲ್ಲರೆ ವರ್ಷ ಹೆಂಗಸರೆಲ್ಲ ಏನು ಮಾಡುತ್ತಿದ್ದರೆಂದು ಯಾವ ಭಾಷಣಕಾರರೂ ಹೇಳಿಲ್ಲ. ಅಡುಗೆ ಇದ್ದಿರಬೇಕು.

ಕ್ಷೇತ್ರಕಾರ್ಯದ ಭಾಗವಾಗಿ ಏಜೆಂಟರು ಒಂದು ಹಳೆಯ ಅನುಭವ ದಾಖಲಿಸಿದರು. 2016ರ ಏಪ್ರಿಲ್. ಬೆಂಗಳೂರಿಗೆ ಹೊರಟಿದ್ದ ಅವರ ಬಸ್ಸು ಜಾಲಹಳ್ಳಿ ಕ್ರಾಸಿನಲ್ಲಿ ನಿಂತುಬಿಟ್ಟಿತು. ರಸ್ತೆ ತುಂಬ ಗಾರ್ಮೆಂಟ್ಸ್ ಹೆಂಗಸರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ನಲವತ್ತಕ್ಕೆ ಸೊಂಟ ಬಿದ್ದು ಮಿಷನ್ ಬಿಡುವವಳು 58ರ ತನಕ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಒಂದು ದಿನ ಹೊಸೂರು ರಸ್ತೆ, ಮರುದಿನ ತುಮಕೂರು ರಸ್ತೆ. ಮುಂದೆ ನಿಂತ ಪಕ್ಷದ ನಾಯಕರಿಲ್ಲ, ಬಾಡಿಗೆ ಬಸ್ಸಿಲ್ಲ, ಬಿರಿಯಾನಿ ಪೊಟ್ಟಣವಿಲ್ಲ. ಲಾಠಿ ಬೀಸಿದರು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಎರಡನೆಯ ದಿನ ಸಂಜೆಯ ಹೊತ್ತಿಗೆ ದೆಹಲಿ ನಿಯಮವನ್ನು ವಾಪಸು ಪಡೆಯಿತು.

‘ಅವತ್ತು ಬಸ್ಸಿನಲ್ಲಿ ನೀವೇನು ಮಾಡಿದಿರಿ?’ ಎಂದು ಅಧ್ಯಕ್ಷರು ಕೇಳಿದರು. ಬಸ್ಸಿನ ಗಂಡಸರೆಲ್ಲ ಸೇರಿ ಇದರ ಹಿಂದೆ ಯಾರ ಕೈವಾಡವಿದೆ ಎಂದು ನಾಲ್ಕು ಗಂಟೆ ಚರ್ಚಿಸಿದರಂತೆ. ಕೆಲವರು ಒಂದು ಪಕ್ಷ ಅಂದರಂತೆ, ಕೆಲವರು ಇನ್ನೊಂದು. ಹೆಂಗಸರೇ ಮಾಡಿರಬಹುದು ಎಂಬ ಊಹೆ ಯಾರಿಗೂ ಬರಲಿಲ್ಲ. ಎರಡು ದಿನದಲ್ಲಿ ಕೇಂದ್ರವನ್ನು ಮಣಿಸಿದ್ದನ್ನು ಯಾವ ವರ್ಗಕ್ಕೆ ಸೇರಿಸುವುದು ಎಂದು ಸಮಿತಿ ಬಹಳ ಹೊತ್ತು ಯೋಚಿಸಿತು. ಕಡೆಗೆ ‘ಟ್ರಾಫಿಕ್ ಸಮಸ್ಯೆ’ ಎಂದು ಕಡತಕ್ಕೆ ಹಾಕಿದೆವು. ನಾವು ಏಳು ಜನ ಹತ್ತು ವರ್ಷದಿಂದ ಕೊಬ್ಬರಿ ಬೆಲೆಯ ಬಗ್ಗೆ ಮಾತಾಡುತ್ತಿದ್ದೇವೆ. ಅದು ರಾಜಕೀಯ.

ಕೊನೆಯ ಸಾಕ್ಷ್ಯ ಸಂಗ್ರಹಕ್ಕೆ ನಾನೇ ಹೊರಟೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸಿಗುವ ಜಾಗ ಸರ್ಕಾರಿ ಬಸ್ಸು. ತುಮಕೂರಿನ ತನಕ ಒಂದು ಕಂಬಿ ಹಿಡಿದು ನಿಂತು ಕಿವಿ ನಿಮಿರಿಸಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಬಂತು, ಯಾವುದು ಬರಲಿಲ್ಲ ಎಂದು ಒಬ್ಬಳು ಬೆರಳು ಮಡಿಸಿ ಲೆಕ್ಕ ಹೇಳಿದಳು. ಅಕ್ಕಿ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದಾಗ ಅದರಲ್ಲಿ ಅಂಗಡಿಯ ಅಕ್ಕಿ ಎಷ್ಟು ಬರುತ್ತಿತ್ತು ಎಂದು ಇನ್ನೊಬ್ಬಳು ಲೆಕ್ಕ ಕೊಟ್ಟಳು. ಆಸ್ಪತ್ರೆಗೆ ಹೆರಿಗೆ ಡಾಕ್ಟರು ವಾರಕ್ಕೆ ಎರಡು ದಿನ ಮಾತ್ರ ಯಾಕೆ, ಶಾಲೆ ಪಕ್ಕದಲ್ಲೇ ಬ್ರಾಂಡಿ ಅಂಗಡಿಗೆ ಲೈಸೆನ್ಸ್ ಕೊಟ್ಟವರ್ಯಾರು, 2007ರಲ್ಲಿ ಸಾರಾಯಿ ನಿಂತಿತು ಎಂದು ಸಂತೋಷಪಟ್ಟರೆ ಈಗ ಪೆಟ್ಟಿಗೆ ಅಂಗಡಿಯಲ್ಲೂ ಕ್ವಾರ್ಟರ್ ಸಿಗುತ್ತದಲ್ಲ, ಗುಬ್ಬಿಯಿಂದ ಆಚೆಗೆ ಇದೇ ಮಾತು. ಎಂಬತ್ತು ದಾಟಿದ ಒಬ್ಬರು, ‘ಓಟು ಕೇಳೋಕೆ ಬರ್ತಾನಲ್ಲ, ಬರಲಿ ತಡಿ’ ಎಂದರು. ಅಷ್ಟೆ. ಇಡೀ ದಾರಿಯಲ್ಲಿ ಒಬ್ಬ ನಾಯಕನ ಜಾತಿ ಎತ್ತಲಿಲ್ಲ, ಯಾರ ಮಗನಿಗೆ ಟಿಕೆಟ್ ಎಂದು ಕೇಳಲಿಲ್ಲ, ಯಾವ ರೆಸಾರ್ಟಿನ ಹೆಸರೂ ಬರಲಿಲ್ಲ. ರಾಜಕೀಯದ ಒಂದೇ ಒಂದು ಮಾತಿಲ್ಲ. ನೋಟ್‌ಬುಕ್ಕಿನಲ್ಲಿ ‘ಸೊನ್ನೆ’ ಎಂದು ಬರೆದುಕೊಂಡು ಇಳಿದೆ. ನನ್ನ ಟಿಕೆಟ್ಟಿಗೆ ದುಡ್ಡು ಬೇರೆ ಕೊಟ್ಟಿದ್ದೆ.

ವರದಿ ಸಿದ್ಧವಾಗಿದೆ. ಹೆಂಗಸರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ, ಇದು ಸರ್ವಾನುಮತ. ಒಂದು ಸಣ್ಣ ಅಂಶವನ್ನು ಮಾತ್ರ ಸೋತ ಗೆಳೆಯನ ಕೋರಿಕೆಯ ಮೇರೆಗೆ ಕೈಬಿಟ್ಟಿದ್ದೇವೆ.

2020ರ ಡಿಸೆಂಬರಿನಲ್ಲಿ ಅವನು ನಿಂತಾಗ ಅವನು ಕಟ್ಟೆಯ ಅಭ್ಯರ್ಥಿ. ಏಳು ತಿಂಗಳು ಕೂತು ತಂತ್ರ ಹೆಣೆದಿದ್ದೆವು. ನಮ್ಮ ಏಳೂ ಮನೆ ಒಂದೇ ವಾರ್ಡಿನವು. ಮತದಾನದ ಬೆಳಿಗ್ಗೆ ಪ್ರತಿಯೊಬ್ಬರೂ ಮನೆಯಲ್ಲಿ ಗುರುತು ತೋರಿಸಿ, ‘ಇದಕ್ಕೇ ಒತ್ತು ಕಣೇ’ ಎಂದು ಹೇಳಿಕೊಟ್ಟೆವು. ‘ಆಯ್ತು ಬಿಡ್ರೀ, ಎಷ್ಟು ಸಲ ಹೇಳ್ತೀರ’ ಎಂದಳು ನನ್ನಾಕೆ. ಊರ ಮತ ಹೇಗಾದರೂ ಇರಲಿ, ಹದಿನಾಲ್ಕು ಖಾತ್ರಿ ಎಂದು ಮೇಷ್ಟ್ರು ಗೋಡೆ ಮೇಲೆ ಇದ್ದಿಲಲ್ಲಿ ಬರೆದರು. ಎಣಿಕೆಯ ದಿನ ಅವನಿಗೆ ಬಂದದ್ದು ಏಳು.

ಅವನು ಆ ರಾತ್ರಿ ನಮ್ಮ ಮನೆಗೆ ಬಂದ. ಹೆಂಗಸರು ಓಟು ಹಾಕಲು ಹೋಗಿಯೇ ಇಲ್ಲವೇನೋ ಎಂದ. ನಾನು ಹೌದಿರಬೇಕು ಎಂದೆ. ನನ್ನವಳು ಒಳಗಿನಿಂದ ಎರಡು ಲೋಟ ಕಾಫಿ ತಂದು ಟೀಪಾಯಿಯ ಮೇಲಿಟ್ಟಳು. ಎಡಗೈ ತೋರುಬೆರಳಿನ ಉಗುರಿನ ಮೇಲೆ ಇಂಕು ಇನ್ನೂ ಕಡುನೀಲಿಯಾಗಿತ್ತು. ಗೆಳೆಯ ಅದನ್ನು ನೋಡಿದ. ನಾನು ಅವನನ್ನು ನೋಡಿದೆ. ‘ಸಕ್ಕರೆ ಸರಿಯಾಗಿದೆಯೇನಣ್ಣ?’ ಎಂದು ಅವಳು ಕೇಳಿದಳು.